ಸಚಿವರ ಮಹಾಪ್ರಬಂಧ: ಕೃತಿಚೌರ್ಯದ ಒಂದು ಪ್ರಕರಣ, ಮೂರು ವಿಚಾರಣೆಗಳು

2011ರ ಫೆಬ್ರುವರಿ 16ರಂದು ಜರ್ಮನಿಯ ‘ಸುಡ್‌ಡಾಯ್ಚೆ ಸೈಟುಂಗ್’ ಪತ್ರಿಕೆ ಒಂದು ಸುದ್ದಿ ಪ್ರಕಟಿಸಿತು. ದೇಶದ ರಕ್ಷಣಾ ಸಚಿವ ಕಾರ್ಲ್-ಥಿಯೋಡೋರ್ ತ್ಸು ಗುಟೆನ್‌ಬರ್ಗ್ ಅವರ ಡಾಕ್ಟರೇಟ್ ಮಹಾಪ್ರಬಂಧದಲ್ಲಿ ಬೇರೆಯವರ ಬರಹದ ಭಾಗಗಳು ಮೂಲ ಲೇಖಕರ ಹೆಸರಿಲ್ಲದೆ ಸೇರಿಕೊಂಡಿವೆ ಎಂಬುದು ಅದರ ಸಾರ. ಆಗ ಅವರಿಗೆ 39 ವರ್ಷ. ಹೆಸರು ಕೇಳಿದ ಕೂಡಲೇ ಮುದ್ರಣಯಂತ್ರ ನೆನಪಾಗಬಹುದು, ಆದರೆ ಆ ಗುಟೆನ್‌ಬರ್ಗ್‌ಗೂ ಇವರಿಗೂ ಸಂಬಂಧವಿಲ್ಲ. ಇವರು ಜರ್ಮನಿಯ ಬವೇರಿಯಾ ರಾಜ್ಯದ ಹಳೆಯ ಜಹಗೀರುದಾರ ಮನೆತನದವರು, ಆ ರಾಜ್ಯದ ಸಿಎಸ್‌ಯು ಪಕ್ಷದ ತಾರಾನಾಯಕ, ಜನಮತ ಸಮೀಕ್ಷೆಗಳಲ್ಲಿ ದೇಶದ ಅತ್ಯಂತ ಜನಪ್ರಿಯ ರಾಜಕಾರಣಿ. ಮುಂದೊಂದು ದಿನ ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥ, ಆಗುವವರು ಎಂದು ಅನೇಕರು ಬಹಿರಂಗವಾಗಿಯೇ ಹೇಳುತ್ತಿದ್ದರು. ಮಾರ್ಚ್ 1ರಂದು ಅವರು ರಾಜೀನಾಮೆ ಕೊಟ್ಟರು. ಸುದ್ದಿಯಿಂದ ರಾಜೀನಾಮೆಯವರೆಗೆ ಎರಡು ವಾರವೂ ತುಂಬಿರಲಿಲ್ಲ.

ಕೃತಿಚೌರ್ಯದ ಕುರಿತ ಮಾತು ಸಾಮಾನ್ಯವಾಗಿ ಎರಡು ಜಾಡುಗಳಲ್ಲಿ ಸಾಗುತ್ತದೆ. ಅದು ಕಳ್ಳತನ, ಆದ್ದರಿಂದ ಅಪರಾಧ ಎನ್ನುವುದು ಒಂದು. ಅದು ಬರೀ ಅಡಿಟಿಪ್ಪಣಿಯ ಶಿಸ್ತಿನ ವಿಷಯ, ಅದಕ್ಕೇಕೆ ಇಷ್ಟು ಗದ್ದಲ ಎನ್ನುವುದು ಇನ್ನೊಂದು. ಗುಟೆನ್‌ಬರ್ಗ್ ಪ್ರಕರಣವನ್ನು ಆದಿಯಿಂದ ಅಂತ್ಯದವರೆಗೆ ನೋಡಿದರೆ ಎರಡೂ ಪೂರ್ತಿ ನಿಲ್ಲುವುದಿಲ್ಲ. ಇಲ್ಲಿ ಒಂದೇ ಪುಸ್ತಕವನ್ನು ವಿಶ್ವವಿದ್ಯಾಲಯ, ಅದು ನೇಮಿಸಿದ ಆಯೋಗ ಮತ್ತು ಸರ್ಕಾರಿ ಅಭಿಯೋಜಕರು ಬೇರೆ ಬೇರೆ ಪ್ರಶ್ನೆ ಹಿಡಿದು ಓದಿದರು. ಮೂವರಿಗೂ ಸಿಕ್ಕಿದ್ದು ಬೇರೆ ಬೇರೆ ಉತ್ತರ. ಆ ಉತ್ತರಗಳ ನಡುವಿನ ಅಂತರವೇ ಈ ಬರಹದ ವಿಷಯ.

ಪುಸ್ತಕ ಮತ್ತು ಅದರ ಓದುಗ

ಪ್ರಬಂಧದ ವಿಷಯ ಅಮೆರಿಕ ಮತ್ತು ಯುರೋಪಿಯನ್ ಒಕ್ಕೂಟದ ಸಂವಿಧಾನಗಳ ಬೆಳವಣಿಗೆ. ಗುಟೆನ್‌ಬರ್ಗ್ ಅದನ್ನು ಬೈರೊಯ್ಟ್ ವಿಶ್ವವಿದ್ಯಾಲಯದ ಕಾನೂನು ವಿಭಾಗಕ್ಕೆ 2006ರಲ್ಲಿ ಸಲ್ಲಿಸಿದರು. ಮರುವರ್ಷ ಅತ್ಯುನ್ನತ ಶ್ರೇಣಿಯೊಂದಿಗೆ ಡಾಕ್ಟರೇಟ್ ದೊರೆಯಿತು. 2009ರಲ್ಲಿ ಪ್ರತಿಷ್ಠಿತ ಶೈಕ್ಷಣಿಕ ಪ್ರಕಾಶನವೊಂದು ಅದನ್ನು ಪುಸ್ತಕವಾಗಿ ತಂದಿತು. 475 ಪುಟ, ಸುಮಾರು 1,300 ಅಡಿಟಿಪ್ಪಣಿ. ಮಾರ್ಗದರ್ಶಕರು ಸಂವಿಧಾನ ಶಾಸ್ತ್ರದಲ್ಲಿ ಹೆಸರಾಂತ ವಿದ್ವಾಂಸರು.

ಬ್ರೆಮೆನ್ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕ ಆಂಡ್ರಿಯಾಸ್ ಫಿಷರ್-ಲೆಸ್ಕಾನೊ ಈ ಪುಸ್ತಕದ ವಿಮರ್ಶೆ ಬರೆಯಲು ಕುಳಿತಿದ್ದರು. ಕೆಲವು ಸಾಲುಗಳನ್ನು ಅಂತರ್ಜಾಲದಲ್ಲಿ ಹುಡುಕಿದಾಗ ಅವು ಬೇರೆಡೆಯೂ ಹಾಗೆಯೇ ಕಂಡವು. ಅಂದರೆ ಇದನ್ನು ಹೊರಗೆಳೆದದ್ದು ಯಾವ ತನಿಖಾ ಸಂಸ್ಥೆಯೂ ಅಲ್ಲ, ಪುಸ್ತಕವನ್ನು ನಿಜಕ್ಕೂ ಓದಲು ಹೊರಟ ಒಬ್ಬ ಓದುಗ. ಡಾಕ್ಟರೇಟ್ ಪ್ರಬಂಧಗಳನ್ನು ಪರೀಕ್ಷಕರ ಆಚೆಗೆ ಎಷ್ಟು ಮಂದಿ ಓದುತ್ತಾರೆ ಎಂದು ಯೋಚಿಸಿದರೆ, ಇದೇ ಲೇಖಕರು ಸಚಿವರಾಗದೆ ಇದ್ದಿದ್ದರೆ ಪುಸ್ತಕ ಇಂದಿಗೂ ಕಪಾಟಿನಲ್ಲಿ ನೆಮ್ಮದಿಯಾಗಿ ಇರುತ್ತಿತ್ತು ಎನಿಸುತ್ತದೆ.

ಎಲ್ಲಕ್ಕಿಂತ ಮುಜುಗರದ ಸಂಗತಿ ಹೊರಬಿದ್ದದ್ದು ಪೀಠಿಕೆಯಿಂದ. ಅದರ ಮೊದಲ ಭಾಗವು ರಾಜ್ಯಶಾಸ್ತ್ರ ಪ್ರಾಧ್ಯಾಪಕಿ ಬಾರ್ಬರಾ ತ್ಸೇನ್‌ಫೆನಿಗ್ 1997ರಲ್ಲಿ ‘ಫ್ರಾಂಕ್‌ಫುರ್ಟರ್ ಆಲ್ಗೆಮೈನೆ ಸೈಟುಂಗ್’ ಪತ್ರಿಕೆಗೆ ಬರೆದ ಲೇಖನದಿಂದ ಬಂದಿತ್ತು. ಪೀಠಿಕೆ ಎಂದರೆ ಬರೆದವನು ತನ್ನ ಪ್ರಶ್ನೆಯನ್ನು ತನ್ನ ದನಿಯಲ್ಲಿ ಮುಂದಿಡುವ ಜಾಗ. ನಡುವಿನ ಅಧ್ಯಾಯದಲ್ಲಿ ಎರಡು ವಾಕ್ಯಕ್ಕೆ ಆಕರ ನಮೂದಿಸಲು ಮರೆತೆ ಎಂದರೆ ನಂಬಬಹುದು. ತನ್ನ ಪುಸ್ತಕದ ಮೊದಲ ಮಾತೇ ತನ್ನದಲ್ಲ ಎಂಬುದು ಮರೆತುಹೋಯಿತು ಎಂದರೆ ನಂಬುವುದು ಕಷ್ಟ. ಆ ಸಾಲುಗಳು ತೆರೆದುಕೊಳ್ಳುವುದು ‘ಹಲವುಗಳಿಂದ ಒಂದು’ ಎಂಬ ಅಮೆರಿಕದ ಧ್ಯೇಯವಾಕ್ಯದಿಂದ. ಜರ್ಮನ್ ವ್ಯಂಗ್ಯಚಿತ್ರಕಾರರಿಗೆ ಬೇರೆ ಸಾಮಗ್ರಿಯೇ ಬೇಕಿರಲಿಲ್ಲ.

ನಕಲಿನ ಬಗೆಗಳು

ಸುದ್ದಿ ಬಂದ ಮರುದಿನವೇ ‘ಗುಟೆನ್‌ಪ್ಲಾಗ್’ ಎಂಬ ವಿಕಿ ತಾಣ ಹುಟ್ಟಿಕೊಂಡಿತು. ಹೆಚ್ಚಿನವರು ಹೆಸರು ಹೇಳಿಕೊಳ್ಳದ ಸ್ವಯಂಸೇವಕರು. ಪುಟಗಳನ್ನು ಹಂಚಿಕೊಂಡು, ಮೂಲ ಪಠ್ಯವನ್ನು ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸಿದರು. ಅವರ ಕೊನೆಯ ಲೆಕ್ಕ ಹೀಗಿದೆ: ಹೋಲಿಸಿದ 393 ಪುಟಗಳಲ್ಲಿ 371 ಪುಟಗಳ ಮೇಲೆ ನಕಲು, ಒಟ್ಟು 1,218 ತುಣುಕು, 135 ಆಕರ. ಯಾರೂ ಯಂತ್ರವೊಂದು ಕೊಟ್ಟ ಶೇಕಡಾವಾರನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳಲಿಲ್ಲ ಎಂಬುದು ಇಲ್ಲಿ ಮುಖ್ಯ. ಹೋಲಿಕೆ ತೋರಿಸುವ ತಂತ್ರಾಂಶಕ್ಕೆ ಕಾಣುವುದು ಒಂದೇ ಬಗೆಯ ಪದಸರಣಿ ಮಾತ್ರ. ಸರಿಯಾಗಿ ಉದ್ಧರಣ ಚಿಹ್ನೆ ಹಾಕಿದ ವಾಕ್ಯವೂ ಅದಕ್ಕೆ ಹೋಲಿಕೆಯೇ. ಜಾಣತನದಿಂದ ಪದ ಬದಲಿಸಿದ ನಕಲು ಅದರ ಕಣ್ಣಿಗೆ ಬೀಳದೆಯೂ ಇರಬಹುದು. ಆದ್ದರಿಂದ ಪ್ರತಿ ತುಣುಕನ್ನೂ ಮನುಷ್ಯರೇ ಓದಿ, ಇದು ಯಾವ ಬಗೆಯ ನಕಲು ಎಂದು ವಿಂಗಡಿಸಿದರು.

ಕೃತಿಚೌರ್ಯ ಎಂದರೇನು ಎಂಬ ಪ್ರಶ್ನೆಗೆ ಯಾವ ವ್ಯಾಖ್ಯೆಗಿಂತಲೂ ಆ ವಿಂಗಡಣೆಯೇ ಒಳ್ಳೆಯ ಉತ್ತರ. ಒಂದು ಬಗೆ, ಇದ್ದದ್ದನ್ನು ಇದ್ದ ಹಾಗೆ ಎತ್ತಿಕೊಂಡು ಆಕರವನ್ನೇ ಹೇಳದಿರುವುದು. ಇದು ಎಲ್ಲರಿಗೂ ಅರ್ಥವಾಗುತ್ತದೆ. ಇನ್ನೊಂದು, ಬೇರೆ ಭಾಷೆಯ ಬರಹವನ್ನು ಅನುವಾದಿಸಿ ತನ್ನದೆಂದು ಇಡುವುದು. ವಾಕ್ಯ ತನ್ನ ಭಾಷೆಯಲ್ಲಿದೆ, ಶ್ರಮವೂ ತನ್ನದು ಎಂಬ ಸಮಾಧಾನ ಇಲ್ಲಿ ಸುಲಭವಾಗಿ ಸಿಗುತ್ತದೆ. ಆದರೆ ಆಲೋಚನೆಯ ಕ್ರಮ, ವಾದದ ಮೆಟ್ಟಿಲು, ಉದಾಹರಣೆ ಎಲ್ಲವೂ ಇನ್ನೊಬ್ಬರದು. ಮೂರನೆಯದು ಮರೆಮಾಚುವಿಕೆ: ಕ್ರಿಯಾಪದ ಬದಲಿಸುವುದು, ಎರಡು ವಾಕ್ಯವನ್ನು ಒಂದಾಗಿಸುವುದು, ‘ಆದರೆ’ ಇದ್ದಲ್ಲಿ ‘ಆದಾಗ್ಯೂ’ ಇಡುವುದು.

ನಾಲ್ಕನೆಯ ಬಗೆಯ ಬಗ್ಗೆ ನಾಲ್ಕು ಮಾತು ಹೆಚ್ಚು ಹೇಳಬೇಕು, ಏಕೆಂದರೆ ತಾವು ಪ್ರಾಮಾಣಿಕರು ಎಂದು ನಂಬಿದವರೂ ಮಾಡುವುದು ಇದನ್ನೇ. ಜರ್ಮನರು ಇದನ್ನು ಚದುರಂಗದ ಭಾಷೆಯಲ್ಲಿ ಕಾಲಾಳಿನ ಬಲಿ ಎನ್ನುತ್ತಾರೆ. ಒಬ್ಬ ಲೇಖಕರ ಒಂದೂವರೆ ಪುಟವನ್ನು ತೆಗೆದುಕೊಂಡು, ಅದರ ನಡುವಿನ ಒಂದೇ ಒಂದು ವಾಕ್ಯಕ್ಕೆ ಅಡಿಟಿಪ್ಪಣಿ ಹಾಕಿ ಅವರ ಹೆಸರು ನಮೂದಿಸುವುದು. ಆ ವಾಕ್ಯವಷ್ಟೇ ಅವರದು, ಸುತ್ತಲಿನದೆಲ್ಲ ನನ್ನದು ಎಂದು ಓದುಗ ತಿಳಿಯುತ್ತಾನೆ. ಯಾರಾದರೂ ಪ್ರಶ್ನಿಸಿದರೆ ‘ಹೆಸರು ಹೇಳಿದ್ದೇನಲ್ಲ’ ಎಂದು ತೋರಿಸಲು ಅಡಿಟಿಪ್ಪಣಿ ಸಿದ್ಧವಾಗಿರುತ್ತದೆ. ಆಕರವನ್ನು ಹೆಸರಿಸುವುದು ಬೇರೆ, ಆಕರದಿಂದ ಏನನ್ನು, ಎಲ್ಲಿಂದ ಎಲ್ಲಿಯವರೆಗೆ ತೆಗೆದುಕೊಂಡಿದ್ದೇನೆ ಎಂದು ಗಡಿ ಗುರುತಿಸುವುದು ಬೇರೆ. ಪುಸ್ತಕದ ಕೊನೆಯಲ್ಲಿ ಆಕರಸೂಚಿ ಎಷ್ಟೇ ಉದ್ದವಿದ್ದರೂ ಎರಡನೆಯದರ ಕೊರತೆಯನ್ನು ಅದು ತುಂಬಲಾರದು. 1,300 ಅಡಿಟಿಪ್ಪಣಿಗಳ ಪುಸ್ತಕವೂ ಕೃತಿಚೌರ್ಯವಾಗಬಲ್ಲದು ಎಂಬ ಒಗಟಿಗೆ ಉತ್ತರ ಇಲ್ಲಿದೆ.

ಹದಿಮೂರು ದಿನಗಳ ಉತ್ತರಗಳು

ಮೊದಲ ದಿನ ಸಚಿವರು ಆರೋಪವನ್ನು ಅಸಂಬದ್ಧ ಎಂದು ತಳ್ಳಿಹಾಕಿದರು. ಫೆಬ್ರುವರಿ 18ರಂದು ಆಯ್ದ ಪತ್ರಕರ್ತರನ್ನು ಸಚಿವಾಲಯಕ್ಕೆ ಕರೆಸಿಕೊಂಡು ಹೇಳಿಕೆ ಓದಿದರು. ಅದೇ ವೇಳೆಗೆ ಬೇರೆಡೆ ಅಧಿಕೃತ ಪತ್ರಿಕಾಗೋಷ್ಠಿಯಲ್ಲಿ ಕುಳಿತಿದ್ದ ವರದಿಗಾರರು ಇದನ್ನು ತಿಳಿದು ಸಿಟ್ಟಿನಿಂದ ಎದ್ದು ಹೋದರು. ಪ್ರಬಂಧವನ್ನು ತಾನೇ ಬರೆದದ್ದು, ಅದು ಕೃತಿಚೌರ್ಯವಲ್ಲ, ಉದ್ಯೋಗ ಮತ್ತು ಸಂಸದನ ಕೆಲಸದ ನಡುವೆ, ಚಿಕ್ಕ ಮಕ್ಕಳ ತಂದೆಯಾಗಿ ಸುಮಾರು ಏಳು ವರ್ಷ ಕಷ್ಟಪಟ್ಟು ಕಟ್ಟಿದ್ದು ಎಂಬುದು ಹೇಳಿಕೆಯ ಸಾರ. ಇಷ್ಟು ಪುಟ, ಇಷ್ಟು ಅಡಿಟಿಪ್ಪಣಿಗಳಲ್ಲಿ ಕೆಲವು ತಪ್ಪಿ ಯಾರಿಗಾದರೂ ನೋವಾಗಿದ್ದರೆ ವಿಷಾದವಿದೆ ಎಂದರು. ತನಿಖೆ ಮುಗಿಯುವವರೆಗೆ ಡಾಕ್ಟರ್ ಪದವಿಯನ್ನು ತಾತ್ಕಾಲಿಕವಾಗಿ ಬಳಸುವುದಿಲ್ಲ ಎಂದೂ ಸೇರಿಸಿದರು.

ಈ ಹೇಳಿಕೆಯ ರಚನೆ ಗಮನಿಸಬೇಕಾದದ್ದು. ನೋವಾಗಿದ್ದರೆ ವಿಷಾದ ಎಂಬಲ್ಲಿ ತಪ್ಪು ನಡೆದಿದೆಯೇ ಎಂಬ ಪ್ರಶ್ನೆಯನ್ನು ನೊಂದವರ ಮನಸ್ಸಿಗೆ ವರ್ಗಾಯಿಸಲಾಗಿದೆ. ತಪ್ಪನ್ನು ಅಡಿಟಿಪ್ಪಣಿಗಳ ಸಂಖ್ಯೆಯ ಎದುರು ಇಟ್ಟು ಚಿಕ್ಕದಾಗಿ ಕಾಣಿಸಲಾಗಿದೆ. ಒಂದು ಸಾವಿರದ ಮುನ್ನೂರು ಬಾರಿ ಸರಿಯಾಗಿ ಆಕರ ಹೇಳಬಲ್ಲವನಿಗೆ ನಿಯಮ ತಿಳಿದಿತ್ತು ಎಂದೇ ಅದರ ಅರ್ಥವಲ್ಲವೇ? ತನ್ನ ಪರವಾಗಿ ಕೊಟ್ಟ ಸಂಖ್ಯೆ ತನಗೇ ಎದುರು ಸಾಕ್ಷಿಯಾಯಿತು.

ಫೆಬ್ರುವರಿ 21ರ ವೇಳೆಗೆ ಮಾತು ಬದಲಾಯಿತು. ಗಂಭೀರ ತಪ್ಪುಗಳಾಗಿವೆ ಎಂದು ಒಪ್ಪಿ, ಪದವಿಯನ್ನು ಶಾಶ್ವತವಾಗಿ ಬಿಟ್ಟುಬಿಡುತ್ತೇನೆ ಎಂದರು. ಉದ್ದೇಶಪೂರ್ವಕ ವಂಚನೆಯಲ್ಲ ಎಂಬ ನಿಲುವು ಮಾತ್ರ ಅಲುಗಲಿಲ್ಲ. 23ರಂದು ಸಂಸತ್ತಿನಲ್ಲಿ ಪ್ರಶ್ನೋತ್ತರ ಎದುರಿಸಿದರು. ಚಾನ್ಸಲರ್ ಏಂಜೆಲಾ ಮರ್ಕೆಲ್, ತಾನು ಆರಿಸಿಕೊಂಡದ್ದು ಸಚಿವರನ್ನೇ ಹೊರತು ಸಂಶೋಧನಾ ಸಹಾಯಕನನ್ನಲ್ಲ ಎಂಬ ಅರ್ಥದ ಸಮರ್ಥನೆ ಕೊಟ್ಟರು. ರಾಜಕೀಯವಾಗಿ ಚುರುಕಾದ ಮಾತು. ಆದರೆ ಸಂಶೋಧಕರ ಪಾಲಿಗೆ ಅದು ಆರೋಪಕ್ಕಿಂತ ದೊಡ್ಡ ಅವಮಾನವಾಯಿತು. ಸಂಶೋಧನೆಯಲ್ಲಿ ಸುಳ್ಳು ಹೇಳುವುದು ಸಾರ್ವಜನಿಕ ಬದುಕಿನ ಪ್ರಾಮಾಣಿಕತೆಗೆ ಸಂಬಂಧಿಸಿದ್ದೇ ಅಲ್ಲ ಎಂದು ಸರ್ಕಾರದ ಮುಖ್ಯಸ್ಥೆ, ಅದೂ ಸ್ವತಃ ಕ್ವಾಂಟಮ್ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವರು, ಹೇಳಿದ ಹಾಗಾಯಿತು. ಡಾಕ್ಟರೇಟ್ ವಿದ್ಯಾರ್ಥಿಗಳು ಚಾನ್ಸಲರ್‌ಗೆ ಬಹಿರಂಗ ಪತ್ರ ಬರೆದರು. ಹತ್ತಾರು ಸಾವಿರ ಸಹಿಗಳು ಬಿದ್ದವು.

ಇಷ್ಟಾದರೂ ಸಮೀಕ್ಷೆಗಳಲ್ಲಿ ಬಹುಮಂದಿ ಸಚಿವರ ಪರವಾಗಿಯೇ ಇದ್ದರು. ಅವರನ್ನು ಕೆಳಗಿಳಿಸಿದ್ದು ಮತದಾರರ ಸಿಟ್ಟು ಅಲ್ಲ, ವಿದ್ವತ್ ವಲಯದ ಸಿಟ್ಟು. ಈ ಪ್ರಕರಣದ ನನ್ನ ಓದಿನಲ್ಲಿ, ಮೊದಲ ದಿನವೇ ‘ಹೌದು, ಇದು ನನ್ನ ಬರಹವಲ್ಲ’ ಎಂದು ಒಪ್ಪಿದ್ದರೆ ಪದವಿ ಹೋಗುತ್ತಿತ್ತು, ಹುದ್ದೆ ಬಹುಶಃ ಉಳಿಯುತ್ತಿತ್ತು.

ವಿಶ್ವವಿದ್ಯಾಲಯ ಕೇಳಿದ ಪ್ರಶ್ನೆ

ಪದವಿಯನ್ನು ಬಿಟ್ಟುಬಿಡುತ್ತೇನೆ ಎಂದು ಸಚಿವರು ಹೇಳಿದ್ದು ಕಾನೂನಿನ ದೃಷ್ಟಿಯಿಂದ ವಿಚಿತ್ರ. ಡಾಕ್ಟರೇಟ್ ಎಂಬುದು ಸಾರ್ವಜನಿಕ ವಿಶ್ವವಿದ್ಯಾಲಯವೊಂದು ಹೊರಡಿಸಿದ ಆಡಳಿತಾತ್ಮಕ ಆದೇಶ. ಬೇಡವಾದಾಗ ಮರಳಿಸುವ ವಸ್ತುವಲ್ಲ, ಕೊಟ್ಟವರೇ ಹಿಂಪಡೆಯಬೇಕು. ಜರ್ಮನಿಯಲ್ಲಿ ಈ ಪದವಿಯನ್ನು ಗುರುತಿನ ಚೀಟಿಯಲ್ಲೂ ಪಾಸ್‌ಪೋರ್ಟ್‌ನಲ್ಲೂ ನಮೂದಿಸಿಕೊಳ್ಳಬಹುದು. ಅರ್ಹತೆಯಿಲ್ಲದೆ ಅದನ್ನು ಹೆಸರಿನ ಮುಂದೆ ಹಾಕಿಕೊಳ್ಳುವುದು ದಂಡಸಂಹಿತೆಯ ಪ್ರಕಾರ ಅಪರಾಧ.

ಬೈರೊಯ್ಟ್ ವಿಶ್ವವಿದ್ಯಾಲಯ ಫೆಬ್ರುವರಿ 23ರಂದೇ ಪದವಿ ಹಿಂಪಡೆಯಿತು. ಅಷ್ಟು ಬೇಗ ಸಾಧ್ಯವಾದದ್ದು ಅದು ಕೇಳಿಕೊಂಡ ಪ್ರಶ್ನೆ ಚಿಕ್ಕದಾಗಿದ್ದರಿಂದ. ಈತ ಬೇಕೆಂದೇ ಮೋಸ ಮಾಡಿದರೇ ಎಂದು ಅದು ಕೇಳಲಿಲ್ಲ. ಬಳಸಿದ ಆಕರಗಳನ್ನೆಲ್ಲ ತಿಳಿಸಬೇಕೆಂಬ ನಿಯಮ ಪಾಲನೆಯಾಗಿದೆಯೇ ಎಂದಷ್ಟೇ ಕೇಳಿತು. ಆಗಿರಲಿಲ್ಲ. ಹಾಗಾಗಿ ಪದವಿ ಕೊಟ್ಟದ್ದೇ ನಿಯಮಬಾಹಿರ, ನಿಯಮಬಾಹಿರ ಆದೇಶವನ್ನು ಹಿಂಪಡೆಯಲು ಬವೇರಿಯಾದ ಆಡಳಿತ ಕಾಯ್ದೆಯಲ್ಲಿ ಅವಕಾಶವಿದೆ. ಉದ್ದೇಶದ ಪ್ರಶ್ನೆಯನ್ನು ಪಕ್ಕಕ್ಕಿಟ್ಟದ್ದಕ್ಕೆ ವಿಶ್ವವಿದ್ಯಾಲಯ ಟೀಕೆಯನ್ನೂ ಕೇಳಬೇಕಾಯಿತು. ಕಾನೂನಿನ ಜಾಣತನವಾಗಿ ಅದು ಸರಿ. ಕೃತಿಚೌರ್ಯದ ಆಡಳಿತಾತ್ಮಕ ಪರಿಣಾಮಕ್ಕೆ ದುರುದ್ದೇಶ ಸಾಬೀತಾಗಲೇಬೇಕಿಲ್ಲ ಎಂಬುದನ್ನು ಇದು ತೋರಿಸುತ್ತದೆ. ‘ಗೊತ್ತಿಲ್ಲದೆ ಆಯಿತು’ ಎಂಬ ಮಾತು ನೈತಿಕ ಹೊಣೆಯನ್ನು ತಗ್ಗಿಸಬಹುದು, ಪದವಿಯನ್ನು ಉಳಿಸಲಾರದು.

ಸ್ವತಂತ್ರ ಸಂಶೋಧನೆ ಎಂದು ಒಪ್ಪಿಕೊಂಡು ಕೊಟ್ಟ ಪದವಿ ಅದು. ಪರೀಕ್ಷಕರು ಅಂಕ ಕೊಡುವುದು ಪುಟಗಳಿಗಲ್ಲ, ಆ ಪುಟಗಳನ್ನು ಬರೆದ ಬುದ್ಧಿಗೆ. ಮಾರ್ಗದರ್ಶಕರೂ ಫೆಬ್ರುವರಿ ಕೊನೆಯಲ್ಲಿ ಹೇಳಿಕೆ ಕೊಟ್ಟು, ತಾವು ಊಹಿಸಿಯೂ ಇರದ ಗಂಭೀರ ದೋಷಗಳಿವು ಎಂದು ದೂರ ಸರಿದರು. ಅತ್ಯುನ್ನತ ಶ್ರೇಣಿ ಕೊಟ್ಟ ಕೈಗಳು ಅವೇ ಎಂಬುದನ್ನೂ ಮರೆಯಬಾರದು. ನಕಲು ಮಾಡಿದವನೊಬ್ಬನ ಮೇಲೆ ಬೆಳಕು ಬಿದ್ದಾಗ ಓದದೆ ಮೆಚ್ಚಿದವರು ನೆರಳಿನಲ್ಲಿ ಪಾರಾಗುತ್ತಾರೆ.

ಆಯೋಗ ಕೇಳಿದ ಪ್ರಶ್ನೆ

ಉಳಿದ ಪ್ರಶ್ನೆಯನ್ನು ವಿಶ್ವವಿದ್ಯಾಲಯದ ಆಯೋಗ ಎತ್ತಿಕೊಂಡಿತು. ವರದಿಯ ಪ್ರಕಟಣೆಗೆ ಗುಟೆನ್‌ಬರ್ಗ್ ಅವರ ವಕೀಲರು ಮೊದಲು ಆಕ್ಷೇಪಿಸಿದರು, ಟೀಕೆ ಜೋರಾದ ಮೇಲೆ ಒಪ್ಪಿದರು. 2011ರ ಮೇ ತಿಂಗಳಲ್ಲಿ ಬಂದ ವರದಿಯ ನಿರ್ಣಯ ನೇರವಾಗಿತ್ತು: ಸಂಶೋಧನೆಯ ಸದಾಚಾರವನ್ನು ತೀವ್ರವಾಗಿ ಉಲ್ಲಂಘಿಸಿದ್ದಾರೆ, ಉದ್ದೇಶಪೂರ್ವಕವಾಗಿಯೇ ವಂಚಿಸಿದ್ದಾರೆ.

ಮನಸ್ಸಿನೊಳಗಿನ ಉದ್ದೇಶವನ್ನು ಕಾಗದದಿಂದ ಹೇಗೆ ಓದುವುದು? ಆಯೋಗ ನೋಡಿದ್ದು ಬದಲಾವಣೆಗಳನ್ನು. ಮರೆವಿನಿಂದ ಆಕರ ತಪ್ಪಿಹೋದರೆ ವಾಕ್ಯ ಮೂಲದಲ್ಲಿದ್ದ ಹಾಗೆಯೇ ಉಳಿಯುತ್ತದೆ. ಇಲ್ಲಿ ಅನೇಕ ಕಡೆ ಪದಗಳಿಗೆ ಸಮಾನಾರ್ಥಕಗಳು ಬಂದಿದ್ದವು, ವಾಕ್ಯದ ಕ್ರಮ ತಿರುಚಲಾಗಿತ್ತು, ಕೆಲವು ಮಾತುಗಳನ್ನು ಬಿಡಲಾಗಿತ್ತು. ಇದು ಪುಸ್ತಕದ ಒಂದು ಮೂಲೆಯಲ್ಲಲ್ಲ, ಉದ್ದಕ್ಕೂ. ಗುರುತು ಅಳಿಸಲು ಕೈಯಾಡಿಸಿದ ಜಾಗಗಳೇ ಕೈಯಾಡಿಸಿದವನಿಗೆ ಗೊತ್ತಿತ್ತು ಎಂದು ಹೇಳುತ್ತವೆ.

ಅದೇ ವರ್ಷ ನವೆಂಬರಿನಲ್ಲಿ ಪ್ರಕಟವಾದ ದೀರ್ಘ ಸಂದರ್ಶನವೊಂದರಲ್ಲಿ ಗುಟೆನ್‌ಬರ್ಗ್ ತಮ್ಮ ವಿವರಣೆ ಕೊಟ್ಟರು. ಕನಿಷ್ಠ 80 ಡಿಸ್ಕ್ ಮೊದಲಾದ ಶೇಖರಣಾ ಸಾಧನಗಳು, ನಾಲ್ಕು ಕಂಪ್ಯೂಟರ್‌ಗಳು, ವರ್ಷಗಟ್ಟಲೆ ಸೇರಿಸಿದ ತುಣುಕುಗಳು, ಯಾವುದು ತನ್ನದು ಯಾವುದು ಬೇರೆಯವರದು ಎಂಬ ಲೆಕ್ಕವೇ ತಪ್ಪಿತು ಎಂದರು. ಮೋಸ ಮಾಡುವ ಇರಾದೆ ಇದ್ದಿದ್ದರೆ ಇಷ್ಟು ಪೆದ್ದುಪೆದ್ದಾಗಿ ಮಾಡುತ್ತಿರಲಿಲ್ಲ ಎಂದೂ ವಾದಿಸಿದರು. ಇದನ್ನು ಪೂರ್ತಿ ಗೇಲಿ ಮಾಡಲು ನನಗೆ ಮನಸ್ಸಿಲ್ಲ. ಟಿಪ್ಪಣಿ ಮಾಡಿಕೊಳ್ಳುವಾಗ ಉದ್ಧರಣ ಚಿಹ್ನೆ ಹಾಕದೆ ನಕಲಿಸಿ, ಆರು ತಿಂಗಳ ಬಳಿಕ ಅದನ್ನು ತನ್ನ ವಾಕ್ಯವೆಂದೇ ತಿಳಿಯುವವರು ನಿಜವಾಗಿಯೂ ಇದ್ದಾರೆ. ಪುಟ ಸಂಖ್ಯೆಯನ್ನು ಟಿಪ್ಪಣಿಯ ಕ್ಷಣದಲ್ಲೇ ಬರೆದುಕೊಳ್ಳುವುದು ಸಂಶೋಧನೆಯ ಮೊದಲ ಪಾಠವಾಗಿರುವುದು ಅದಕ್ಕೇ. ಆದರೆ ಹೀಗೆ ಲೆಕ್ಕ ತಪ್ಪಿದವನು ಒಂದು ಅಧ್ಯಾಯದಲ್ಲಿ ಎಡವುತ್ತಾನೆ. ಮುನ್ನೂರ ಎಪ್ಪತ್ತೊಂದು ಪುಟಗಳಲ್ಲಿ ಎಡವಿದವನು ನಡೆದದ್ದೇ ಎಲ್ಲಿ ಎಂದು ಕೇಳಬೇಕಾಗುತ್ತದೆ.

ಅಭಿಯೋಜಕರು ಕೇಳಿದ ಪ್ರಶ್ನೆ

ಹೋಫ್ ನಗರದ ಸರ್ಕಾರಿ ಅಭಿಯೋಜಕರ ಕಚೇರಿಗೆ ನೂರಕ್ಕೂ ಹೆಚ್ಚು ದೂರುಗಳು ಬಂದವು. ಅವುಗಳಲ್ಲಿ ಬಹುಪಾಲು ನಕಲಿಗೆ ಒಳಗಾದ ಲೇಖಕರದಲ್ಲ, ಕೆರಳಿದ ನಾಗರಿಕರದು. ಇದು ತಾಂತ್ರಿಕವಾಗಿ ಮಹತ್ವದ್ದು. ಜರ್ಮನ್ ಕೃತಿಸ್ವಾಮ್ಯ ಕಾಯ್ದೆಯ 106ನೇ ವಿಧಿಯ ಪ್ರಕಾರ ಅನುಮತಿಯಿಲ್ಲದೆ ಕೃತಿಯನ್ನು ಪ್ರತಿ ಮಾಡಿ ಹಂಚುವುದಕ್ಕೆ ದಂಡ ಅಥವಾ ಮೂರು ವರ್ಷದವರೆಗೆ ಸೆರೆವಾಸ. ಆದರೆ 109ನೇ ವಿಧಿಯಂತೆ, ವಿಶೇಷ ಸಾರ್ವಜನಿಕ ಹಿತ ಇಲ್ಲದಿದ್ದರೆ, ಹಕ್ಕು ಕಳೆದುಕೊಂಡವರೇ ದೂರಬೇಕು.

ಅಭಿಯೋಜಕರು ಪುಸ್ತಕವನ್ನು ಓದಿ ಕೃತಿಸ್ವಾಮ್ಯದ ದೃಷ್ಟಿಯಿಂದ ಅಪರಾಧವೆನ್ನಬಹುದಾದ 23 ಭಾಗಗಳನ್ನು ಗುರುತಿಸಿದರು. ಲೇಖಕರಿಗಾದ ಆರ್ಥಿಕ ನಷ್ಟ ಅತ್ಯಲ್ಪ, ಗುಟೆನ್‌ಬರ್ಗ್ ಅವರಿಗೆ ಆ ಉಲ್ಲಂಘನೆಗಳಿಂದ ಆರ್ಥಿಕ ಲಾಭವೂ ಆಗಿಲ್ಲ ಎಂದರು. ಮಕ್ಕಳ ಕ್ಯಾನ್ಸರ್ ನೆರವಿನ ಸಂಸ್ಥೆಗೆ 20,000 ಯೂರೊ ಪಾವತಿಸುವ ಷರತ್ತಿನ ಮೇಲೆ 2011ರ ನವೆಂಬರಿನಲ್ಲಿ ಮೊಕದ್ದಮೆ ಕೈಬಿಟ್ಟರು. ಶಿಕ್ಷೆಯಿಲ್ಲ, ನ್ಯಾಯಾಲಯದ ತೀರ್ಪಿಲ್ಲ, ಅಪರಾಧಿ ಎಂಬ ದಾಖಲೆಯೂ ಇಲ್ಲ.

ಸ್ವಯಂಸೇವಕರ ಲೆಕ್ಕದಲ್ಲಿ 1,218, ಅಭಿಯೋಜಕರ ಲೆಕ್ಕದಲ್ಲಿ 23. ಯಾರೋ ಒಬ್ಬರು ತಪ್ಪು ಎಣಿಸಿದ್ದಾರೆ ಎಂದುಕೊಳ್ಳಬಾರದು. ಇಬ್ಬರೂ ಎಣಿಸಿದ್ದು ಬೇರೆ ವಸ್ತುವನ್ನು. ಕೃತಿಸ್ವಾಮ್ಯ ಕಾಯುವುದು ಅಭಿವ್ಯಕ್ತಿಯನ್ನು, ಆಲೋಚನೆಯನ್ನಲ್ಲ. ಒಬ್ಬರ ವಾದವನ್ನು ಪೂರ್ತಿ ನನ್ನ ಮಾತಿನಲ್ಲಿ ಹೇಳಿ ಅವರ ಹೆಸರು ಬಿಟ್ಟರೆ ಅದು ಘೋರ ಕೃತಿಚೌರ್ಯ, ಆದರೆ ಕಾಯ್ದೆಗೆ ಅಲ್ಲಿ ಹಿಡಿಯಲು ಏನೂ ಸಿಗದೆ ಹೋಗಬಹುದು. ಅಭಿವ್ಯಕ್ತಿಯಲ್ಲೂ ಬರೆದವರ ಸ್ವಂತಿಕೆಯ ಮುದ್ರೆ ಇರಬೇಕು. ಕಾನೂನಿನ ಇತಿಹಾಸ ಹೇಳುವ ಸಾದಾ ವಾಕ್ಯ, ಒಪ್ಪಂದದ ದಿನಾಂಕಗಳ ಪಟ್ಟಿ, ಎಲ್ಲರೂ ಹೇಳುವ ಹಾಗೆ ಹೇಳಿದ ವ್ಯಾಖ್ಯೆ ಆ ಮಟ್ಟ ಮುಟ್ಟುವುದಿಲ್ಲ. ಲೇಖಕ ತೀರಿಕೊಂಡು 70 ವರ್ಷವಾದ ಮೇಲೆ ಜರ್ಮನಿಯಲ್ಲಿ ಕೃತಿಸ್ವಾಮ್ಯವೇ ಇಲ್ಲ. ಕೃತಿಚೌರ್ಯಕ್ಕೆ ಅಂಥ ಅವಧಿಯಿಲ್ಲ. ಹಾಗೆಯೇ ತದ್ವಿರುದ್ಧವೂ ಸಾಧ್ಯ. ಒಂದು ಇಡೀ ಪುಸ್ತಕವನ್ನು ಲೇಖಕರ ಹೆಸರು ದೊಡ್ಡದಾಗಿ ಹಾಕಿಯೇ ಅನುಮತಿಯಿಲ್ಲದೆ ಅಚ್ಚು ಹಾಕಿದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆ, ಕೃತಿಚೌರ್ಯವಲ್ಲ. ದುಡ್ಡು ಕೊಟ್ಟು ಬೇರೆಯವರಿಂದ ಬರೆಸಿಕೊಂಡ ಪ್ರಬಂಧದಲ್ಲಿ ಬರೆದವನ ಒಪ್ಪಿಗೆ ಇರುವುದರಿಂದ ಅವನು ದೂರುವುದಿಲ್ಲ. ಮೋಸ ಮಾತ್ರ ಪೂರ್ಣ ಪ್ರಮಾಣದಲ್ಲಿ ನಡೆದಿರುತ್ತದೆ.

ಬೇರೆಯವರ ಮಾತನ್ನು ಬಳಸಲು ಈ ಕಾಯ್ದೆ ದಾರಿಯನ್ನೂ ಬಿಟ್ಟಿದೆ. 51ನೇ ವಿಧಿ ಉದ್ದೇಶಕ್ಕೆ ಅಗತ್ಯವಿರುವಷ್ಟು ಉದ್ಧರಣೆಗೆ ಯಾರ ಅನುಮತಿಯನ್ನೂ ಕೇಳುವುದಿಲ್ಲ. 63ನೇ ವಿಧಿಯ ಷರತ್ತು ಆಕರವನ್ನು ಹೇಳಬೇಕು ಎಂಬುದಷ್ಟೇ. ಗುಟೆನ್‌ಬರ್ಗ್ ತೆಗೆದುಕೊಂಡದ್ದರಲ್ಲಿ ಒಂದಿಷ್ಟನ್ನಾದರೂ ಎರಡು ಉದ್ಧರಣ ಚಿಹ್ನೆ ಮತ್ತು ಒಂದು ಹೆಸರಿನೊಂದಿಗೆ ಕಾನೂನುಬದ್ಧವಾಗಿ, ಗೌರವದಿಂದ ಬಳಸಬಹುದಿತ್ತು. ಉಳಿದದ್ದನ್ನು ಬಳಸಲಾಗುತ್ತಿರಲಿಲ್ಲ, ಏಕೆಂದರೆ ಹಾಗೆ ಚಿಹ್ನೆ ಹಾಕುತ್ತಾ ಹೋದರೆ ಪುಸ್ತಕದಲ್ಲಿ ಅವರ ಸ್ವಂತ ಮಾತೇ ಎಷ್ಟೆಂಬುದು ಬಯಲಾಗುತ್ತಿತ್ತು.

ನಷ್ಟ ಯಾರದು?

ಆರ್ಥಿಕ ನಷ್ಟ ಅತ್ಯಲ್ಪ ಎಂಬ ಅಭಿಯೋಜಕರ ಮಾತು ಸುಳ್ಳಲ್ಲ. ಪತ್ರಿಕೆಯ ಹಳೆಯ ಲೇಖನದಿಂದ ಎರಡು ಪ್ಯಾರಾ ಹೋದರೆ ತ್ಸೇನ್‌ಫೆನಿಗ್ ಅವರ ಜೇಬಿನಿಂದ ಹೋದದ್ದೇನೂ ಇಲ್ಲ. ಆದರೆ ಸಂಶೋಧಕರು ಬದುಕುವುದು ಗೌರವಧನದಿಂದಲ್ಲ, ಇದನ್ನು ಮೊದಲು ಹೇಳಿದ್ದು ಇವರು ಎಂದು ಮುಂದಿನವರು ಬರೆಯುವ ಸಾಲಿನಿಂದ. ಉದ್ಯೋಗ, ಬಡ್ತಿ, ಸಂಶೋಧನಾ ಅನುದಾನ ಎಲ್ಲವೂ ಕೊನೆಗೆ ಆ ಸಾಲಿಗೆ ಬಂದು ನಿಲ್ಲುತ್ತವೆ. ಕಾನೂನಿನ ಲೆಕ್ಕದಲ್ಲಿ ಅದಕ್ಕೆ ಯೂರೊ ಬೆಲೆಯಿಲ್ಲ.

ಆಕರ ಬಿಟ್ಟುಹೋದಾಗ ಓದುಗನಿಗೂ ನಷ್ಟವಾಗುತ್ತದೆ. ಇದನ್ನು ಯಾವ ವಿಚಾರಣೆಯೂ ಎತ್ತಲಿಲ್ಲ. ಒಂದು ವಾದ ಎಲ್ಲಿಂದ ಬಂತು ಎಂದು ತಿಳಿದರೆ ಮೂಲಕ್ಕೆ ಹೋಗಿ ಪರಿಶೀಲಿಸಬಹುದು. ಅದು ಯಾವ ವರ್ಷದ ಮಾತು, ಬಳಿಕ ಯಾರಾದರೂ ಅಲ್ಲಗಳೆದರೇ, ಬರೆದವರು ಯಾವ ಪಂಥದವರು ಎಂದು ನೋಡಬಹುದು. 1997ರ ಪತ್ರಿಕಾ ಲೇಖನದ ಮಾತು 2006ರ ಕಾನೂನು ಸಂಶೋಧನೆಯ ತೀರ್ಮಾನದ ವೇಷದಲ್ಲಿ ಬಂದರೆ ಓದುಗ ಅದಕ್ಕೆ ಕೊಡಬಾರದ ತೂಕ ಕೊಡುತ್ತಾನೆ. ಗುಟೆನ್‌ಬರ್ಗ್ ಸಂಸದರಾಗಿದ್ದಾಗ ಸಂಸತ್ತಿನ ಸಂಶೋಧನಾ ವಿಭಾಗ ಸಿದ್ಧಪಡಿಸಿಕೊಟ್ಟ ಟಿಪ್ಪಣಿಗಳೂ ಪ್ರಬಂಧದೊಳಗೆ ಬಂದಿದ್ದವು. ಜನಪ್ರತಿನಿಧಿಯ ಕೆಲಸಕ್ಕೆಂದು ಸರ್ಕಾರಿ ನೌಕರರು ಬರೆದುಕೊಟ್ಟದ್ದು ಒಬ್ಬರ ಖಾಸಗಿ ಪದವಿಗೆ ಮೆಟ್ಟಿಲಾಯಿತು. ಸಹಿ ಹಾಕಿ ಬೀದಿಗಿಳಿದ ಡಾಕ್ಟರೇಟ್ ವಿದ್ಯಾರ್ಥಿಗಳ ಸಿಟ್ಟಿಗೆ ಕಾರಣ ಹುಡುಕಲು ಇದಕ್ಕಿಂತ ದೂರ ಹೋಗಬೇಕಿಲ್ಲ. ಅವರಿಗೂ ಚಿಕ್ಕ ಮಕ್ಕಳಿದ್ದರು, ಅವರಿಗೂ ಉದ್ಯೋಗವಿತ್ತು. ಸಂಶೋಧನಾ ವಿಭಾಗ ಮಾತ್ರ ಇರಲಿಲ್ಲ.

ಮುಂದೆ ನಡೆದದ್ದು

ಗುಟೆನ್‌ಬರ್ಗ್ ಅವರ ಬಳಿಕ ಜರ್ಮನಿಯಲ್ಲಿ ಸ್ವಯಂಸೇವಕರ ಹುಡುಕಾಟ ನಿಲ್ಲಲಿಲ್ಲ. ಯುರೋಪಿಯನ್ ಸಂಸತ್ತಿನ ಸದಸ್ಯೆ ಸಿಲ್ವಾನಾ ಕೋಖ್-ಮೆಹ್ರಿನ್ ಅವರ ಪದವಿಯನ್ನು ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯ 2011ರ ಜೂನ್‌ನಲ್ಲೇ ಹಿಂಪಡೆಯಿತು. ಅತ್ಯಂತ ಕಹಿಯಾದದ್ದು ಆನೆಟ್ ಶಾವಾನ್ ಅವರ ಪ್ರಕರಣ. ಗುಟೆನ್‌ಬರ್ಗ್ ಹಗರಣದ ಸಮಯದಲ್ಲಿ ಅವರೇ ಶಿಕ್ಷಣ ಮತ್ತು ಸಂಶೋಧನಾ ಸಚಿವೆ. ತಮಗೆ ನಾಚಿಕೆಯಾಗಿದೆ, ಅದೂ ಗುಟ್ಟಾಗಿ ಮಾತ್ರವಲ್ಲ ಎಂದು ಸಂದರ್ಶನದಲ್ಲಿ ಹೇಳಿದ್ದರು. 2013ರ ಫೆಬ್ರುವರಿಯಲ್ಲಿ ಡುಸೆಲ್‌ಡಾರ್ಫ್ ವಿಶ್ವವಿದ್ಯಾಲಯ ಅವರ 1980ರ ಪ್ರಬಂಧಕ್ಕೆ ಕೊಟ್ಟ ಪದವಿಯನ್ನು ಹಿಂಪಡೆಯಿತು. ಪ್ರಬಂಧದ ವಿಷಯ ವ್ಯಕ್ತಿ ಮತ್ತು ಆತ್ಮಸಾಕ್ಷಿ. ಕೆಲವೇ ದಿನಗಳಲ್ಲಿ ಅವರು ರಾಜೀನಾಮೆ ಕೊಟ್ಟರು. ಮರುವರ್ಷ ಆಡಳಿತ ನ್ಯಾಯಾಲಯ ಇದರ ವಿರುದ್ಧ ಅವರು ಹೂಡಿದ ದಾವೆಯನ್ನು ತಳ್ಳಿಹಾಕಿತು. ಮೂವತ್ತು ವರ್ಷ ಹಳೆಯ ಬರಹಕ್ಕೆ ಈಗ ಶಿಕ್ಷೆ ನ್ಯಾಯವೇ ಎಂಬ ಚರ್ಚೆ ಅಲ್ಲಿ ಇನ್ನೂ ನಡೆಯುತ್ತಿದೆ. ನನಗೆ ಇದರಲ್ಲಿ ಗೊಂದಲವಿಲ್ಲ. ಪದವಿಯ ಫಲ ಮೂವತ್ತು ವರ್ಷ ಸಿಗುತ್ತಲೇ ಇತ್ತಾದರೆ ಅದರ ಹೊಣೆಯೂ ಅಷ್ಟೇ ವರ್ಷ ಜೀವಂತವಾಗಿರಬೇಕು.

ಗುಟೆನ್‌ಬರ್ಗ್ ಅಮೆರಿಕಕ್ಕೆ ಹೋದರು, ವ್ಯವಹಾರಕ್ಕಿಳಿದರು. ಬಳಿಕ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯಕ್ಕೆ ಸೇರಿ, ಬೇರೆ ವಿಷಯದ ಮೇಲೆ ಹೊಸ ಪ್ರಬಂಧ ಬರೆದು 2019ರಲ್ಲಿ ಡಾಕ್ಟರೇಟ್ ಪಡೆದರು. ಇದನ್ನು ಕುಹಕದಿಂದ ನೋಡಿದವರು ಬಹಳ. ಕಳೆದುಕೊಂಡ ಪದವಿಯನ್ನು ಬರೆದೇ ಸಂಪಾದಿಸುವುದಕ್ಕಿಂತ ಒಳ್ಳೆಯ ಉತ್ತರ ಅವರಿಗೆ ಬೇರೆ ಇತ್ತೆಂದು ನನಗನಿಸುವುದಿಲ್ಲ.

ಕಾನೂನಿನ ಬಿರುಕಿನ ಬಗ್ಗೆ ಒಂದು ವಿಷಯ ಉಳಿದಿದೆ. ಬವೇರಿಯಾದಲ್ಲಿ ಅಭಿಯೋಜಕರು ಕೃತಿಸ್ವಾಮ್ಯ ಕಾಯ್ದೆಯ ಮೊರೆ ಹೋದರು, ಹಾಗಾಗಿ 1,218 ತುಣುಕುಗಳು 23ಕ್ಕೆ ಇಳಿದವು. ಅದೇ ದೇಶದ ನಾರ್ತ್ ರೈನ್-ವೆಸ್ಟ್‌ಫಾಲಿಯಾ ರಾಜ್ಯದ ಉನ್ನತ ಶಿಕ್ಷಣ ಕಾಯ್ದೆ ಬೇರೆ ದಾರಿ ಹಿಡಿದಿದೆ. ಪರೀಕ್ಷೆಯಲ್ಲಿ ಉದ್ದೇಶಪೂರ್ವಕವಾಗಿ ವಂಚಿಸುವುದನ್ನೇ ಅದು ದಂಡನೀಯ ಉಲ್ಲಂಘನೆಯಾಗಿಸಿ 50,000 ಯೂರೊವರೆಗೆ ದಂಡಕ್ಕೆ ಅವಕಾಶ ಕೊಡುತ್ತದೆ. ಪ್ರಬಂಧದೊಂದಿಗೆ ಇದು ನನ್ನದೇ ಬರಹ ಎಂಬ ಪ್ರಮಾಣಪೂರ್ವಕ ಹೇಳಿಕೆ ಬರೆಸಿಕೊಳ್ಳಲೂ ವಿಶ್ವವಿದ್ಯಾಲಯಗಳಿಗೆ ಅಧಿಕಾರ ನೀಡುತ್ತದೆ. ಹಾಗೆ ಬರೆಸಿಕೊಂಡ ಹೇಳಿಕೆ ಸುಳ್ಳಾದರೆ ಅದೇ ಪ್ರತ್ಯೇಕ ಅಪರಾಧ. ಇಲ್ಲಿ ಮೂಲ ಲೇಖಕ ಬದುಕಿದ್ದಾರೆಯೇ, ದೂರು ಕೊಟ್ಟರೇ, ವಾಕ್ಯಕ್ಕೆ ಸ್ವಂತಿಕೆ ಇತ್ತೇ, ನಷ್ಟ ಎಷ್ಟು ಎಂದು ಯಾರೂ ಕೇಳಬೇಕಿಲ್ಲ. ‘ಇದನ್ನು ನಾನೇ ಬರೆದೆ’ ಎಂಬ ಮಾತು ನಿಜವೇ ಸುಳ್ಳೇ ಎಂದು ಕೇಳಿದರೆ ಸಾಕು. ಬೈರೊಯ್ಟ್‌ನ ಆಯೋಗ ಕೇಳಿದ್ದೂ ಇದೇ ಪ್ರಶ್ನೆ. ಅದರ ಕೈಯಲ್ಲಿ ದಂಡ ವಿಧಿಸುವ ಅಧಿಕಾರ ಇರಲಿಲ್ಲ, ಅಧಿಕಾರವಿದ್ದ ಅಭಿಯೋಜಕರ ಮುಂದೆ ಈ ಪ್ರಶ್ನೆ ಇರಲಿಲ್ಲ.